ಜೋಳದ ಚೀಲದ ಕಾಲ್ಗುಣ

ನನ್ನ ಕಾಲ್ಗುಣ ಸರಿಯಿಲ್ಲವೆಂದು ಮೊದಲು ಹೇಳಿದ್ದು ಮನುಷ್ಯರಲ್ಲ, ಒಂದು ಕಾರು. ನಮ್ಮ ಅತ್ತೆ ಅದಕ್ಕೆ ಬಾಯಿ ಕೊಟ್ಟರು, ಅಷ್ಟೇ.

ಬೀದರ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅದು. ನನಗಾಗ ಹತ್ತೊಂಬತ್ತು. ವೈಶಾಖದಲ್ಲಿ ಮದುವೆಯಾಗಿ, ಆಷಾಢಕ್ಕೆಂದು ತವರಿಗೆ ಹೋದವಳು ಪಂಚಮಿ, ದಸರೆ ಎಲ್ಲ ಅಲ್ಲೇ ಮುಗಿಸಿದ್ದೆ. ತವರು ಔರಾದ ತಾಲೂಕಿನ ಎಕಂಬಾ. ಬನ್ನಿ ಕೊಟ್ಟು ತೆಗೆದುಕೊಂಡ ನಾಲ್ಕನೆಯ ದಿನ ನನ್ನನ್ನು ಗಂಡನ ಮನೆಗೆ ಕರೆದೊಯ್ಯಲು ಬೀದರಿನಿಂದ ಅತ್ತೆ ಕಾರಿನಲ್ಲಿ ಬಂದರು. ಊರ ಮಂದಿಯೆಲ್ಲ ಬಂದು ಕಾರನ್ನು ಮುಟ್ಟಿ ಮುಟ್ಟಿ ನೋಡಿದರು. ನನ್ನ ಅಜ್ಜಿಯಂತೂ ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಅದರ ಸುತ್ತ ನಾಲ್ಕು ಸಲ ತಿರುಗಿದಳು. ಅಜ್ಜಿಯ ಬಲಗೈ ಹೆಬ್ಬೆರಳಿನ ಮೇಲೆ ಒಂದು ಕಪ್ಪು ಕಲೆಯಿತ್ತು. ಆ ಬೆರಳಿನಿಂದ ಬಾನೆಟ್ಟು ಮುಟ್ಟಿ, ಲಟಿಕೆ ಮುರಿದು, ಹೂಂ ಎಂದು ತಲೆಯಾಡಿಸಿದಳು.

ಕಾರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅದು ಹಳೆಯ ವಿಲಾಯತಿ ಗಾಡಿ. ಬಾನೆಟ್ಟು ಎರಡೂ ಕಡೆಗೆ ರೆಕ್ಕೆಯ ಹಾಗೆ ತೆರೆಯುತ್ತಿತ್ತು. ಜಾಗೀರುಗಳು ಹೋದ ಮೇಲೆ ಒಬ್ಬ ಜಾಗೀರದಾರರು ಮಾರಿದ್ದನ್ನು ನಮ್ಮ ಮಾವ ಕೊಂಡಿದ್ದರು. ಮಾವ ಬೀದರಿನಲ್ಲಿ ವಕೀಲರು, ನನ್ನ ಯಜಮಾನರು ಹೈದರಾಬಾದಿನಲ್ಲಿ ಓದುತ್ತಿದ್ದರು. ಕಾರಿನ ಜೊತೆ ಅದರ ಡ್ರೈವರೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲವಂತೆ. "ಗಾಡಿ ಎಲ್ಲಿ ಅದನೋ ನಾನೂ ಅಲ್ಲೇರಿ" ಎಂದು ತಮ್ಮ ಟ್ರಂಕನ್ನು ಮಾವನ ಅಂಗಳದಲ್ಲಿ ಇಳಿಸಿದರಂತೆ. ಐವತ್ತು ದಾಟಿದ ಮನುಷ್ಯ, ಮೆಹಂದಿ ಹಚ್ಚಿದ ಗಡ್ಡ, ಸದಾ ಒಂದು ಕಪ್ಪು ಕೋಟು. ಮನೆಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅವತ್ತು ಕಾರಿನಲ್ಲಿ ಚಾಚಾ, ಅತ್ತೆ, ನಾನು, ನನ್ನ ಟ್ರಂಕು, ತವರಿನವರು ಕೊಟ್ಟ ಎರಡು ಚೀಲ ಜೋಳ, ತುಪ್ಪದ ಗಡಿಗೆ, ಕುಸುಬೆ ಎಣ್ಣೆಯ ಡಬ್ಬಿ. ಔರಾದ ದಾಟಿ ಮೊದಲ ಏರು ಹತ್ತುವಾಗ ಬಾನೆಟ್ಟಿನೊಳಗಿಂದ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಟಕ್ ಟಕ್. ಆಮೇಲೆ ಇಡೀ ಕಾರು ಬಿಕ್ಕಳಿಕೆ ಬಂದವರ ಹಾಗೆ ಮೈ ಎತ್ತಿ ಎತ್ತಿ ಹಾಕತೊಡಗಿತು. ಅತ್ತೆ ಚಾಚಾನ ಕಡೆ ನೋಡಲಿಲ್ಲ, ಬಾನೆಟ್ಟಿನ ಕಡೆಯೂ ನೋಡಲಿಲ್ಲ. ನನ್ನ ಕಾಲಿನ ಕಡೆ ನೋಡಿದರು.

"ಇಷ್ಟು ವರ್ಷ ಆತು ಈ ಗಾಡಿ ಬಂದು. ಒಮ್ಮಿನೂ ಹಿಂಗ ಮಾಡಿದ್ದಿಲ್ಲ."

"ಇಂಜಿನ್ ಮಿಸ್ಸಿಂಗ್ ಹೊಡಿಲಾಕತ್ತದ್ರಿ ಅಮ್ಮಾ" ಎಂದರು ಚಾಚಾ. "ಪ್ಲಗ್ಗಿನ್ಯಾಗ ಕಸ ಕುಂತಿರ್ಬೇಕು. ನಾಳಿ ತೆಗ್ದು ನೋಡ್ತೇನಿ."

ಪ್ಲಗ್ಗುಗಳನ್ನು ತೆಗೆದು ನೋಡಿದರು. ಕಸವಿರಲಿಲ್ಲ. ಮಾವ ದಿನಾ ಅದೇ ಕಾರಿನಲ್ಲಿ ಕೋರ್ಟಿಗೆ ಹೋಗಿ ಬಂದರು, ಅದು ತುಟಿ ಪಿಟಕ್ಕೆನ್ನಲಿಲ್ಲ.

ಮುಂದಿನ ವಾರ ಭಾಲ್ಕಿಯಲ್ಲಿ ನಾದಿನಿಯ ಕೂಸಿಗೆ ತೊಟ್ಟಿಲು ಹಾಕುವ ಕಾರ್ಯ. ಮರದ ತೊಟ್ಟಿಲನ್ನು ಕಾರಿನ ತಲೆಗೆ ಕಟ್ಟಿ, ಹಿಂದೆ ಬುಟ್ಟಿಗಳನ್ನು ತುಂಬಿ, ಅತ್ತೆ ಮತ್ತು ನಾನು ಹೊರಟೆವು. ದಾರಿಯಲ್ಲಿ ಏರು ಬಂದಲ್ಲೆಲ್ಲ ಟಕ್ ಟಕ್, ಬಿಕ್ಕಳಿಕೆ. ಭಾಲ್ಕಿಯಲ್ಲಿ ಹಿಟ್ಟಿನ ಗಿರಣಿಯ ಇಂಜಿನ್ ನೋಡಿಕೊಳ್ಳುವ ಒಬ್ಬ ಮಿಸ್ತ್ರಿ ಇದ್ದರು. ಅವರು ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ವಾಲ್ವ್ ಹೋಗ್ಯಾವ್ರಿ. ಇಂಜಿನ್ ಪೂರಾ ಬಿಚ್ಚಬೇಕು" ಎಂದರು. ಚಾಚಾ ಅವರಿಗೆ ಸಲಾಮು ಹೇಳಿ ದೂರ ಬಂದ ಮೇಲೆ ನನ್ನ ಹತ್ತಿರ ಗೊಣಗಿದರು, "ಗಿರಣಿ ಬ್ಯಾರೆ, ಗಾಡಿ ಬ್ಯಾರೆ ಬೇಟಾ. ವಾಲ್ವ್ ಹೋದ್ರ ದಿನಾ ಹೋಗಿರ್ತಾವ. ನೋಡಿ ನೋಡಿ ಏರಿನ್ಯಾಗಷ್ಟೇ ಹೋಗ್ತಾವೇನು?"

ಬಾಣಂತಿಯ ಕೆಲಸಕ್ಕೆಂದು ನನ್ನನ್ನು ನಾಲ್ಕು ದಿನ ಅಲ್ಲೇ ಬಿಟ್ಟು ಅತ್ತೆ ಬೀದರಿಗೆ ಮರಳಿದರು. ಖಾಲಿ ಕಾರು ಬೆಣ್ಣೆಯ ಹಾಗೆ ಹೋಯಿತಂತೆ. ಅಲ್ಲಿಗೆ ತೀರ್ಪು ಆಗಿಹೋಯಿತು. ನನ್ನನ್ನು ಭಾಲ್ಕಿಯಿಂದ ರೈಲಿನಲ್ಲಿ ಕಳಿಸಿದರು. ರೈಲು ಕೆಡಲಿಲ್ಲ, ಹೊತ್ತಿಗೆ ಸರಿಯಾಗಿ ಬೀದರ ಮುಟ್ಟಿತು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ತೆ ಕೆಟ್ಟವರಲ್ಲ. ನನಗೆ ಬಿಸಿ ರೊಟ್ಟಿ ಹಾಕಿ, ತಾವು ತಣ್ಣನೆಯದು ತಿನ್ನುತ್ತಿದ್ದ ಹೆಂಗಸು. ಆದರೆ ಒಂದು ಮಾತು ಅವರ ತಲೆಗೆ ಹೊಕ್ಕಿತೆಂದರೆ ಅದನ್ನು ಹೊರಗೆ ಕಳಿಸುವುದು ಅವರಿಗೇ ಆಗುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ, ನನಗೆ ಕೇಳಲೆಂದೇ ಸ್ವಲ್ಪ ಜೋರಾಗಿ, ಮಾವನಿಗೆ ಹೇಳಿದರು.

"ದೀಪಾವಳಿಗಿ ಹುಡುಗ, ಹುಡುಗಿ ಇಬ್ರನ್ನೂ ಎಕಂಬಾಕ್ಕ ಕಳಿಸ್ಬೇಕು. ನಾನೂ ಹೋಗ್ತೇನಿ, ಔರಾದದಾಗ ಅಮರೇಶ್ವರಗ ಕಾಯಿ ಒಡಿಸೋದದ. ಈ ಸಲ ಗಾಡಿ ದಾರ್‍ಯಾಗ ಹಂಗ ಮಾಡಿದ್ರ ಅಕಿ ತೌರಾಗೇ ಇರ್ಲಿ. ಯುಗಾದಿ ಆದಮ್ಯಾಲ ನೋಡೋಣು."

ಹೊಸ ಸೊಸೆಯನ್ನು ಯುಗಾದಿಯ ತನಕ ತವರಿನಲ್ಲಿ ಬಿಟ್ಟರೆ ಊರು ಏನನ್ನುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಕೋರ್ಟಿನಲ್ಲಿ ಗುಡುಗುತ್ತಿದ್ದ ಮಾವ, ಮನೆಯಲ್ಲಿ ಆ ಮಾತಿಗೆ ಕನ್ನಡಕ ಒರೆಸಿಕೊಂಡರು.

ಮಾವನಿಗೂ ನನಗೂ ನಡುವೆ ಒಂದು ಗುಟ್ಟಿತ್ತು. ಅವರು ಓದಿದ್ದು, ವಕೀಲಿ ಮಾಡಿದ್ದು ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಬರುತ್ತಿರಲಿಲ್ಲ. ಇನ್ನು ಮೈಸೂರಿನವರ ಕಾಗದಗಳು ಕನ್ನಡದಲ್ಲಿ ಬರುತ್ತವೆಂದು ಅವರಿಗೆ ಒಳಗೊಳಗೇ ದಿಗಿಲು. ನನ್ನ ಅಪ್ಪ ನನಗೆ ಮನೆಯಲ್ಲೇ ಕನ್ನಡ ಕಲಿಸಿದ್ದರು. ಹಾಗಾಗಿ ಬೆಳಗಿನ ಚಹಾದ ಹೊತ್ತಿಗೆ ಮಾವ ಬಾಗಿಲು ಮುಂದೆ ಮಾಡಿ, ಸ್ಲೇಟು ಹಿಡಿದು ನನ್ನ ಮುಂದೆ ಕೂರುತ್ತಿದ್ದರು. ರೂಢಿಯಿಂದ ಬಲಗಡೆಯಿಂದಲೇ ಶುರುಮಾಡಿ, ನಾನು ಕೆಮ್ಮಿದ ಮೇಲೆ ಒರೆಸಿ ಎಡಕ್ಕೆ ಬರುತ್ತಿದ್ದರು. ಕಾಗುಣಿತದ ನಡುವೆ ಇದ್ದೆವು. ನಾನು ಯುಗಾದಿ ತನಕ ಹೋದರೆ ಅವರ ಗತಿ ಏನೆಂಬ ಚಿಂತೆಯೂ ನನಗೆ ಹತ್ತಿತು.

ಕಾರಿಗೆ ಔಷಧ ಹೇಳುವವರಿಗೇನೂ ಕಡಿಮೆಯಿರಲಿಲ್ಲ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಕೂಡಿದೆಯೆಂದು ಒಬ್ಬರು. ಮಾವನ ಗೆಳೆಯರೊಬ್ಬರು, "ಮೈಸೂರಿಗಿ ಸೇರೋದು ನಿಮ್ಮ ಗಾಡಿಗಿ ಮನಸಿಲ್ರಿ ವಕೀಲ್ ಸಾಬ್, ಅದಕ್ಕ ಅಳ್ಲಾಕತ್ತದ" ಎಂದು ನಗುತ್ತಿದ್ದರು. ಚಾಚಾ ಮಾತ್ರ ನಗಲಿಲ್ಲ. ಹಕೀಮರು ನಾಡಿ ಹಿಡಿದು ಕೇಳುವ ಹಾಗೆ ನನ್ನನ್ನು ಕೂರಿಸಿ ಕೇಳಿದರು. ಎಕಂಬಾದಿಂದ ಬರುವಾಗ ಚೀಲ ಎಲ್ಲಿದ್ದವು? ನಾನು ಯಾವ ಕಡೆ ಕೂತಿದ್ದೆ? ಭಾಲ್ಕಿಯ ಬುಟ್ಟಿಗಳು ಎಷ್ಟು? ಎಲ್ಲ ಕೇಳಿ ಗಡ್ಡ ಕೆರೆದುಕೊಂಡು ಎದ್ದರು.

ಮರುದಿನ ಅದೇ ಎರಡು ಚೀಲ ಜೋಳವನ್ನು, ಮೇಲೆ ಇನ್ನೊಂದು ಚೀಲ ಅಕ್ಕಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಹೇರಿದರು. ಅತ್ತೆಯನ್ನು ಮುಂದೆ ಕೂರಿಸಿಕೊಂಡು ಕೋಟೆಯ ದರವಾಜೆಯಾಚೆ ಘಾಟಿನಲ್ಲಿ ಇಳಿದು, ತಿರುಗಿಸಿಕೊಂಡು ಮೇಲೆ ಹತ್ತಿದರು. ಅರ್ಧ ಗಂಟೆಯ ಮೇಲೆ ಕಾರು ಅಂಗಳಕ್ಕೆ ಬಂದಾಗ ಚಾಚಾನ ಮುಖ ಅರಳಿತ್ತು.

"ಹೊಡೀತ್ರಿ! ಟಕ್ ಟಕ್ ಅಂತ ಹೊಡೀತು! ಬೇಟಾ ಗಾಡ್ಯಾಗ ಇದ್ದಿಲ್ಲ ಹೌದಲ್ರಿ ಅಮ್ಮಾ? ಮತ್ತ ಈ ಜೋಳದ ಚೀಲಕ್ಕೂ ಕಾಲ್ಗುಣ ಅದೇನ್ರಿ?"

ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, ಚೀಲಗಳನ್ನು ಒಮ್ಮೆ ನೋಡಿದರು.

"ಆ ಜೋಳನೂ ಅಕಿ ತೌರಿಂದೇ ಬಂದಿದ್ದು" ಎಂದು ಒಳಗೆ ಹೋದರು.

ನನಗೆ ಅಳು ಬರಬೇಕಿತ್ತು, ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಅತ್ತೆಗೆ ಸಾಲದಿದ್ದರೂ ಚಾಚಾಗೆ ಆ ಸಾಕ್ಷಿ ಸಾಕಾಗಿತ್ತು. ತಪ್ಪು ಭಾರದಲ್ಲಿದೆ, ನನ್ನಲ್ಲಿ ಅಲ್ಲ. ಮರುದಿನ ಮಧ್ಯಾಹ್ನ ಮಾವ ಕೋರ್ಟಿನಲ್ಲಿದ್ದರು, ಅತ್ತೆ ಪಕ್ಕದ ಓಣಿಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ಚಾಚಾ ಒಂದು ಕರಿ ಕಂಬಳಿ ಹಿಡಿದು ಬಂದರು.

"ಭಾರ ಬಿದ್ದಾಗ ಇಂಜಿನ್ ಒಂದ ಕಡಿ ವಾಲ್ತದ ಬೇಟಾ, ನಿಂತಲ್ಲೇ ಜೋರ್ ಒತ್ತಿದ್ರೂ ವಾಲ್ತದ. ವಾಲಿದಾಗ ಪ್ಲಗ್ಗಿನ ವೈರು ಎದಕ್ಕೋ ತಾಗಿ ಕರಂಟ್ ಅಲ್ಲೇ ಹಾರಲಾಕತ್ತದ. ಕಿಡಿದೇ ಸಪ್ಪಳ ಅದು. ಬೆಳಕಿನ್ಯಾಗ ಕಿಡಿ ಕಾಣಂಗಿಲ್ಲ. ನಾ ಕಂಬಳ್ಯಾಗ ನೋಡ್ತೇನಿ, ನೀ ಕುಂತು ಕಾಲಿಲಿ ಒತ್ತು."

ಆ ಮನೆಯ ಹೆಂಗಸರು ಯಾರೂ ಡ್ರೈವರಿನ ಸೀಟಿನಲ್ಲಿ ಕೂತಿರಲಿಲ್ಲ. ನಾನು ಕೂತೆ. ಯಾವ ಕಾಲಿನ ಬಗ್ಗೆ ಊರೆಲ್ಲ ಮಾತಾಯಿತೋ ಅದೇ ಬಲಗಾಲನ್ನು ಎಕ್ಸಿಲೇಟರಿನ ಮೇಲಿಟ್ಟೆ. ಚಾಚಾ ಬಾನೆಟ್ಟಿನ ಒಂದು ರೆಕ್ಕೆ ತೆರೆದು, ನೆಗಡಿಗೆ ಹಬೆ ತೆಗೆದುಕೊಳ್ಳುವವರ ಹಾಗೆ ತಲೆಯ ಮೇಲೆ ಕಂಬಳಿ ಎಳೆದುಕೊಂಡು ಇಂಜಿನ್ನಿನ ಮೇಲೆ ಬಗ್ಗಿದರು.

"ಒತ್ತು! ಬಿಡು! ಜೋರ್ ಒತ್ತು!"

ಒತ್ತಿದೆ. ಕಾರು ಗುಡುಗಿತು, ಒಂದು ಮಗ್ಗುಲಿಗೆ ವಾಲಿತು. ಟಕ್.

"ಹಾಂ! ನೀಲಿ! ಮತ್ತೊಮ್ಮಿ ಬೇಟಾ, ಮತ್ತೊಮ್ಮಿ!"

ಮತ್ತೊಮ್ಮೆ ಒತ್ತಿದೆ. ಟಕ್ ಟಕ್. ಕಂಬಳಿಯೊಳಗೆ ಚಾಚಾ ಕೆಮ್ಮುತ್ತಾ ನಗುತ್ತಿದ್ದರು. ಇಂಜಿನ್ ನಿಲ್ಲಿಸಿ, ಇಕ್ಕಳ ಹಾಕಿ ಏನನ್ನೋ ಕಿತ್ತರು. ಆಮೇಲೆ ಅವರ ನಗು ನಿಂತಿತು.

ನಾನು ಇಳಿದು ಹೋಗಿ ನೋಡಿದೆ. ಇಕ್ಕಳದ ತುದಿಯಲ್ಲಿ ಒಂದು ಕಬ್ಬಿಣದ ತಂತಿಯ ಉಂಗುರ. ಅದರಲ್ಲಿ ಪೋಣಿಸಿದ್ದ ಒಣಮೆಣಸಿನಕಾಯಿ, ಕಲ್ಲಾದ ಲಿಂಬೆಹಣ್ಣು, ಒಂದು ಬಿಬ್ಬಾ. ಬಿಬ್ಬಾ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಕಪ್ಪು ಬೀಜ. ನಮ್ಮ ಕಡೆ ನೆದರ, ಅಂದರೆ ಕೆಟ್ಟ ಕಣ್ಣು, ತಾಗದಿರಲೆಂದು ಅದನ್ನು ತಂತಿಯಲ್ಲಿ ಪೋಣಿಸಿ ಕಟ್ಟುತ್ತಾರೆ. ಅದರ ಎಣ್ಣೆ ಮೈಗೆ ಹತ್ತಿದರೆ ಗುಳ್ಳೆ ಏಳುತ್ತದೆ, ಕಲೆ ಉಳಿಯುತ್ತದೆ. ಉಂಗುರಕ್ಕೆ ಒಂದು ಚೂರು ಬಟ್ಟೆಯನ್ನೂ ಗಂಟು ಹಾಕಿತ್ತು. ನೀಲಿಯ ಮೇಲೆ ಬಿಳಿ ಚುಕ್ಕೆ. ಅದು ನಾನು ಚಿಕ್ಕವಳಿದ್ದಾಗ ಉಟ್ಟ ಪರಕಾರದ್ದು.

ಅಜ್ಜಿಯ ಹೆಬ್ಬೆರಳಿನ ಕಲೆ ಕಣ್ಣ ಮುಂದೆ ಬಂತು. ಅವತ್ತು ಚಾಚಾ ನೀರು ಹಾಕಲು ಬಾನೆಟ್ಟು ತೆರೆದಿಟ್ಟು ಊಟಕ್ಕೆ ಕೂತಿದ್ದರು. ಅಷ್ಟರಲ್ಲಿ ಕಟ್ಟಿದ್ದಾಳೆ. ಹೊರಗೆ ಕಟ್ಟಿದರೆ ವಕೀಲರು ಕೀಳಿಸುತ್ತಾರೆಂದು ಒಳಗೆ, ಅದೂ ಪ್ಲಗ್ಗಿನ ವೈರುಗಳ ಬುಡದಲ್ಲಿ. ಆ ಕಾರಿನ ಅರ್ಧ ಸಾಮಾನು ಮೊದಲೇ ತಂತಿಯ ಆಸರೆಯಲ್ಲಿ ನಿಂತಿತ್ತು. ಇನ್ನೊಂದು ತಂತಿ ಯಾರ ಕಣ್ಣಿಗೆ ಬೀಳಬೇಕು?

ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನ ಹಿಂದೆಯೇ ಅಳು. ಅದರ ಹಿಂದೆ ಹೆದರಿಕೆ. ತವರಿನವರು ಇಂಜಿನ್ನಿನೊಳಗೆ ಏನೋ ಕಟ್ಟಿ ಕಳಿಸಿದ್ದಾರೆಂದು ತಿಳಿದರೆ ಅತ್ತೆ ಅದನ್ನು ಕಾಲ್ಗುಣ ಎನ್ನುವುದಿಲ್ಲ, ಮಾಟ ಎನ್ನುತ್ತಾರೆ.

"ಅತ್ತಿಯವ್ರಿಗಿ ಏನ್ ಹೇಳ್ತೀರಿ ಚಾಚಾ?"

"ವೈರಿನ ರಬ್ಬರ್ ಸೀಳಿತ್ತು ಅಂತೇನಿ. ಸೀಳಿದ್ದು ಖರೇನೇ ಅದ, ನೋಡು. ಸುಳ್ಳೇನಿಲ್ಲ."

"ಅದನ್ನ ಎಲ್ಲಿಯರ ಒಗೀರಿ."

"ನಕ್ಕೋ ಬೇಟಾ, ಒಗಿಬ್ಯಾಡ. ಒಬ್ಬ ಮುದುಕಿದು ದುಆ, ಹಾರೈಕಿ ಅದ ಇದು. ತಪ್ಪು ತಂತಿದದ, ಅಜ್ಜಿದಲ್ಲ." ಅದನ್ನು ಚಿಂದಿಯಲ್ಲಿ ಸುತ್ತಿ ಕೋಟಿನ ಕಿಸೆಗಿಟ್ಟರು. ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿ ಕತ್ತರಿಸಿ, ಸೀಳಿದ ವೈರಿಗೆ ಬಿಗಿದರು.

ಅತ್ತೆ ಚಾಚಾನ ಮಾತು ಕೇಳಿಸಿಕೊಂಡು, "ವೈರು ಅಕಿ ಬಂದ ದಿನಾನೇ ಯಾಕ ಸೀಳ್ಬೇಕು?" ಎಂದರು. ಉತ್ತರ ನನಗೆ ಗೊತ್ತಿತ್ತು.

ದೀಪಾವಳಿಗೆ ನನ್ನ ಯಜಮಾನರು ಹೈದರಾಬಾದಿನಿಂದ ಬಂದರು. ಮನೆಯಲ್ಲಿ ನಡೆದ ಯಾವುದೂ ಅವರಿಗೆ ತಿಳಿದಿರಲಿಲ್ಲ. ಹೊರಡುವ ಬೆಳಿಗ್ಗೆ ಮಾವ ನನ್ನನ್ನು ಕರೆದು ಸ್ಲೇಟು ತೋರಿಸಿದರು. ತಮ್ಮ ಬದುಕಿನ ಮೊದಲ ಕನ್ನಡ ವಾಕ್ಯ ಬರೆದಿದ್ದರು. "ಬೇಗ ಬಾ." ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಅತ್ತೆ ಬೇಕೆಂದೇ ಕಾರು ತುಂಬ ಸಾಮಾನು ಹೇರಿಸಿದ್ದರು. ಪರೀಕ್ಷೆ ಮಾಡಿದರೆ ಪೂರ್ತಿ ಮಾಡಬೇಕೆನ್ನುವ ಸ್ವಭಾವ. ಮಾಂಜರಾ ಹೊಳೆ ದಾಟಿದೆವು. ಏರು ಬಂತು. ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು, ಬಾನೆಟ್ಟಿಗೇ ಕಿವಿಯಿಟ್ಟು ಕೂತೆ. ಕಾರು ಒಂದೇ ದನಿಯಲ್ಲಿ ಹತ್ತಿತು. ಎರಡನೆಯ ಏರನ್ನೂ ಹತ್ತಿತು. ಅಮರೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ ಎಕಂಬಾ ಮುಟ್ಟುವ ತನಕ ಒಂದು ಟಕ್ ಕೂಡ ಇಲ್ಲ. ಅತ್ತೆ ಕಿಟಕಿಯಾಚೆ ಜೋಳದ ಹೊಲ ನೋಡುತ್ತಿದ್ದರು. ನನಗೆ ಎಷ್ಟು ಹಗುರವಾಯಿತೆಂದರೆ, ಕಾರು ನಿಂತ ಕೂಡಲೇ ಅಜ್ಜಿಯನ್ನು ಹಿಡಿದು ಎರಡು ಬೈದು, ಆಮೇಲೆ ಅಪ್ಪಿಕೊಳ್ಳಬೇಕೆನಿಸಿತು.

ಅಳಿಯನಿಗೆ ಆರತಿ ಎತ್ತಿ ಎಲ್ಲರೂ ಒಳಗೆ ಹೋದರು. ಅಜ್ಜಿ ಕಾಣಲಿಲ್ಲ. ಹುಡುಕುತ್ತಾ ಹೊರಗೆ ಬಂದರೆ, ಬಾನೆಟ್ಟಿನ ರೆಕ್ಕೆ ಎತ್ತಿದೆ, ಅಜ್ಜಿಯ ತಲೆ ಇಂಜಿನ್ನಿನೊಳಗಿದೆ. ಕೈಯಲ್ಲಿ ಹೊಸ ಬಿಬ್ಬಾ, ಹಲ್ಲಿನಲ್ಲಿ ಕಚ್ಚಿ ಹಿಡಿದ ಹೊಸ ತಂತಿ! "ಅಜ್ಜೀ" ಎಂದು ಕೂಗುವಷ್ಟರಲ್ಲಿ ನನ್ನ ಹಿಂದೆ ಬಳೆ ಸದ್ದಾಯಿತು. ಅತ್ತೆ.

"ಏನ್ ಮಾಡ್ಲಾಕತ್ತೀರಿ?"

ಅಜ್ಜಿಗೆ ನಾಚಿಕೆಯೂ ಇಲ್ಲ, ಅಂಜಿಕೆಯೂ ಇಲ್ಲ. ತಂತಿಯನ್ನು ಬಾಯಿಂದ ತೆಗೆದು ಹೇಳಿದಳು, "ದಸರಿಗಿ ಕಟ್ಟಿದ್ದು ದಾರ್‍ಯಾಗ ಎಲ್ಲೋ ಬಿದ್ದಾದ್ರಿ. ಹೊಸಾದು ಕಟ್ಟಲಾಕತ್ತೇನಿ."

"ದಸರಿಗಿ" ಎಂದರು ಅತ್ತೆ, ನಿಧಾನವಾಗಿ.

ಚಾಚಾ ಕೈ ತೊಳೆಯುತ್ತಿದ್ದವರು ಓಡಿ ಬಂದರು. ಇನ್ನು ಮುಚ್ಚಿಡುವುದೇನೂ ಇರಲಿಲ್ಲ. ಕಿಸೆಯಿಂದ ಚಿಂದಿಯ ಗಂಟು ತೆಗೆದರು. "ಬಿದ್ದಿಲ್ರಿ ಅಜ್ಜಿ, ನನ್ನ ಹತ್ರ ಅದ" ಎಂದು, ತಂತಿಗೆ ಕಿಡಿ ಹಾರಿದ್ದು, ಕಾರು ಕೆಟ್ಟದ್ದು ಎಲ್ಲ ಹೇಳಿದರು. ನನ್ನ ಕಾಲಿನ ಮಾತನ್ನು ಅವರು ಹೇಳಲಿಲ್ಲ. ಅದನ್ನು ಹೇಳಿದವಳು ನಾನು. ಅಷ್ಟು ದಿನ ನುಂಗಿದ್ದು ಒಮ್ಮೆಗೇ ಹೊರಗೆ ಬಂತು. "ನೀ ಕಟ್ಟಿದ್ದಕ್ಕ ನನ್ನ ಕಾಲ್ಗುಣ ಚಲೋ ಇಲ್ಲ ಅಂದ್ರು ಅಜ್ಜಿ" ಎಂದು ಅತ್ತುಬಿಟ್ಟೆ.

ಅಜ್ಜಿ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಪ್ಪು ಬೆರಳನ್ನು ನೋಡಿಕೊಂಡಳು. ಅತ್ತೆಗೆ ಹೇಳಿದಳು.

"ನಾ ಅಕಿ ಸಲುವಾಗಷ್ಟೇ ಕಟ್ಟಿದ್ದಿಲ್ರಿ. ನೀವೂ ಅದ್ರಾಗೇ ಕುಂದುರ್ತೀರಿ, ವಕೀಲರೂ ಕುಂದುರ್ತಾರ. ಎಲ್ಲಾರ ಸಲುವಾಗಿ ಕಟ್ಟಿದ್ದೆ."

ಅತ್ತೆ ಮಾಟ ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಚಾಚಾನ ಅಂಗೈಯಲ್ಲಿದ್ದ ಹಳೆಯ ಬಿಬ್ಬಾವನ್ನೂ ಅದರ ನೀಲಿ ಚಿಂದಿಯನ್ನೂ ನೋಡಿದರು.

"ತಂತಿ ಬ್ಯಾಡ. ದಾರದಾಗ ಕಟ್ಟ್ರಿ."

"ಕಬ್ಬಿಣ ಇಲ್ದಿದ್ರ ನೆದರ ತಡ್ಯಂಗಿಲ್ರಿ" ಎಂದಳು ಅಜ್ಜಿ, ಅಂಥ ಹೊತ್ತಿನಲ್ಲೂ.

"ತಡೀತದ. ಕಟ್ಟ್ರಿ."

ಅಜ್ಜಿ ಆ ಹಳೆಯ ಬಿಬ್ಬಾವನ್ನೇ ಬಿಳಿ ನೂಲಿನಲ್ಲಿ ಪೋಣಿಸಿದಳು. ಚಾಚಾ ಅದನ್ನು ಹಿಂದಿನ ಸೀಟಿನಡಿಯ ಸ್ಪ್ರಿಂಗಿಗೆ ಕಟ್ಟಿದರು. ಹೊಸದನ್ನು ಅಜ್ಜಿ ಒಳಗೆ ಒಯ್ದಳು. ಹಬ್ಬ ಮುಗಿದ ಐದನೆಯ ದಿನಕ್ಕೆ ಕಾರು ನನ್ನನ್ನು ಕರೆದೊಯ್ಯಲು ಬಂತು. ಕಾಲ್ಗುಣದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಬರಲಿಲ್ಲ. ಅದನ್ನು ನಾನು ಕೆಲವು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡೇ ಇದ್ದೆ. ಸುಳ್ಳು ಯಾಕೆ ಹೇಳಲಿ.

ಚಾಚಾನ ಕಣ್ಣು ಮಂಜಾದ ಮೇಲೆ ಕಾರು ಮಾರಿದೆವು. ಅಷ್ಟೊತ್ತಿಗೆ ನನ್ನ ಇಬ್ಬರು ಮಕ್ಕಳು ಸಾಲೆಗೆ ಹೋಗುತ್ತಿದ್ದರು, ಅಜ್ಜಿ ತೀರಿಕೊಂಡಿದ್ದಳು. ಕೊಂಡವರು ಒಯ್ಯಲು ಬಂದ ದಿನ, ಅಜ್ಜಿಯದೊಂದು ಉಳಿಯಲೆಂದು ಸೀಟಿನಡಿ ಕೈ ಹಾಕಿ ದಾರ ಹರಿದುಕೊಂಡೆ. ಕೈಗೆ ಎರಡು ಬಂದವು. ಒಂದು ಅಜ್ಜಿಯ ಬಿಳಿ ನೂಲಿನದು. ಇನ್ನೊಂದನ್ನು ಹಸಿರು ಸೀರೆಯ ಸೆರಗಿನಿಂದ ಎಳೆದ ನೂಲಿನಲ್ಲಿ ಪೋಣಿಸಿತ್ತು. ಆ ಹಸಿರು ಸೀರೆ ನಮ್ಮ ಮನೆಯಲ್ಲಿ ಒಬ್ಬರಿಗೇ ಇದ್ದದ್ದು.

ಕಾರನ್ನು ಕಳಿಸಿಕೊಡಲು ಬಂದಿದ್ದ ಚಾಚಾ ಬೆರಳಿನಿಂದ ತಡವಿ ಗುರುತು ಹಿಡಿದರು. "ನೀ ಮೊದಲ್ನೇ ಬಾಣಂತನಕ್ಕ ಎಕಂಬಾಕ್ಕ ಹೊಂಟಿದ್ದೆಲ್ಲ ಬೇಟಾ, ಅವತ್ತ ಅಮ್ಮಾ ತಾವೇ ಬಗ್ಗಿ ಕಟ್ಟಿದ್ರು. ಸೊಸಿಗಿ ಹೇಳ್ಬ್ಯಾಡ್ರಿ ಅಂದಿದ್ರು."

ನಾನು ಆ ಸೀಟಿನ ಮೇಲೆಯೇ ಕೂತು ಅತ್ತುಬಿಟ್ಟೆ. ಅಷ್ಟು ವರ್ಷ ಅತ್ತೆಯನ್ನು ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ನಿಲ್ಲಿಸಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು. ಹೊರಗೆ ಬಂದ ಅತ್ತೆ ನನ್ನ ಕಣ್ಣನ್ನೂ ಅಂಗೈಯನ್ನೂ ನೋಡಿದರು. ಹತ್ತಿರ ಬಂದು ಸೆರಗಿನ ತುದಿ ಒಡ್ಡಿದರು.

"ಕೈಯಾಗ ಯಾಕ ಹಿಡ್ಕೊಂಡಿ? ಎಣ್ಣಿ ಹತ್ತಿ ಗುಳ್ಳಿ ಏಳ್ತಾವ. ಇದ್ರಾಗ ಹಾಕು."